ಎಡಸುತ್ತು

ಶನಿವಾರಸಂತೆಯಿಂದ ಮೂರು ಮೈಲಿ, ಬೆಳ್ಯಪ್ಪನವರ ತೋಟದ ನೆತ್ತಿ.
ಪಾಂಡವರ ಮನೆ ಎಂದು ನಾವು ಕರೆಯುವ ಕಲ್ಲುಪೆಟ್ಟಿಗೆಗಳ ನಡುವೆ
ಹಗ್ಗ ಎಳೆದು, ಚೌಕ ಕಟ್ಟಿ, ಅಗೆಯುತ್ತಾರೆ.
ನನ್ನದು ತೊಳೆಯುವ ಕೆಲಸ.
ಎರಡು ಪ್ಲಾಸ್ಟಿಕ್ ಬೋಗುಣಿ, ಒಂದು ಹಲ್ಲುಜ್ಜುವ ಬ್ರಷ್ಷು,
ದಿನಕ್ಕೆ ನಾನ್ನೂರೈವತ್ತು.

ಕುಂಬಾರರ ಮನೆಯವಳೆಂದೇ ಕರೆದರು.
ಮನೆಯ ಚಕ್ರ ನಿಂತು ಮೂವತ್ತು ವರ್ಷ,
ಈಗ ಅದರ ಮೇಲೆ ತುಳಸಿಯ ಡಬ್ಬ.
ಅದನ್ನು ಹೇಳಲಿಲ್ಲ.

ಬರುವ ಚೂರುಗಳೆಲ್ಲ ನಮ್ಮವೇ:
ಬಾಯಿ ಕಪ್ಪು, ಒಳಗೆ ಕಪ್ಪು, ಹೊಟ್ಟೆ ಮಾತ್ರ ಕೆಂಪು,
ಬೋರಲು ಹಾಕಿ ಸುಟ್ಟಿದ್ದು.
ಎರಡು ಸಾವಿರ ವರ್ಷ ಎನ್ನುತ್ತಾರೆ ಪ್ರೊಫೆಸರ್ ಹಂಪಿಹೊಳಿ.
ಹೊಗೆ ಚೆನ್ನಾಗಿ ಹಿಡಿದಿದೆ ಎನ್ನುತ್ತೇನೆ ನಾನು.
ಇಬ್ಬರೂ ತಲೆಯಾಡಿಸುತ್ತೇವೆ.

ಗುರುವಾರ, ಮೂರನೇ ಚೌಕದಿಂದ, ಬೋಳ ತಂದಿಟ್ಟ ಮಂಕರಿಯಲ್ಲಿ
ಅಂಗೈಯಷ್ಟು ಒಂದು ಚೂರು.
ಮಣ್ಣು ಬಿಟ್ಟಿತು. ಕಪ್ಪು ಹೊಳೆಯಿತು,
ನೇರಳೆಹಣ್ಣಿನ ಸಿಪ್ಪೆಯ ಹಾಗೆ.
ಆ ಕಪ್ಪಿನಲ್ಲಿ ಒಂದು ಕೆಂಪು ಕಾಲು.
ಹಿಮ್ಮಡಿ ಎತ್ತಿದೆ. ಮೊಣಕಾಲಿನಿಂದ ಮೇಲಕ್ಕೆ ಯಾರೂ ಇಲ್ಲ.
ಕೆಳಗೊಂದು ಗೆರೆ: ಹೋಗುತ್ತದೆ, ಮೂಲೆ ತಿರುಗುತ್ತದೆ,
ಏನೋ ಮರೆತವಳಂತೆ ಒಳಗೆ ಬಂದು
ಮತ್ತೆ ಹೊರಡುತ್ತದೆ.

ನಫೀಸಾ ಕಿರುಚಿದಳು.
ಪ್ರೊಫೆಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
"ಗ್ರೀಕ್" ಎಂದರು, ದೇವಸ್ಥಾನದಲ್ಲಿ ಕೆಟ್ಟ ಮಾತು ಆಡಿದಂತೆ ಮೆಲ್ಲಗೆ.
ಆಮೇಲೆ ನಿಲ್ಲಲೇ ಇಲ್ಲ:
ಯವನರು, ಹಡಗು, ಕರಿಮೆಣಸು,
ಮಾಕುಟ್ಟದ ಘಟ್ಟ ಹತ್ತಿ ಬಂದ ಎತ್ತುಗಳು.
ಸಿಗ್ನಲ್ ಸಿಗಲೆಂದು ಪಾಂಡವರ ಮಾಡಿನ ಮೇಲೆ ಹತ್ತಿ
ಮೈಸೂರಿಗೆ ಫೋನು ಮಾಡಿದರು.

ನಫೀಸಾ ನನಗೆ ತೋರಿಸಿದಳು:
"ನೋಡಿ ಅಕ್ಕಾ, ಬಣ್ಣ ಬಳಿದಿದ್ದು ಸುತ್ತಲೂ.
ಕಾಲು ಬರೀ ಮಣ್ಣು. ಬಿಟ್ಟಿದ್ದೇ ಕಾಲು."

ನಾನು ತಿರುಗಿಸಿ ನೋಡಿದೆ.
ಚಿತ್ರ ಇರುವ ಕಡೆ ಎಲ್ಲರೂ ನೋಡುತ್ತಾರೆ,
ಒಳಮೈಯಲ್ಲಿ ಇರುವುದು ಬೆರಳು.
ನನ್ನ ಬೆರಳು ಇಟ್ಟೆ. ಎದುರು ಹೋಯಿತು.
ನಮ್ಮ ಚಕ್ರ ಬಲಕ್ಕೆ, ದೇವರಿಗೆ ಸುತ್ತು ಬಂದ ಹಾಗೆ.
ಇದು ಎಡಕ್ಕೆ.
ಎಡಕ್ಕೆ ನಾವು ಬರುವುದು ಚಿತೆಗೆ.

ಹೇಳಿದೆ. ಪುಸ್ತಕದಲ್ಲಿ ಬರೆದುಕೊಂಡರು, ನನ್ನ ಹೆಸರು ಸಮೇತ:
ದ್ಯಾವೀರಮ್ಮ ಗಮನಿಸಿದ್ದು.
ಪಕ್ಕದಲ್ಲೇ ಮುಳ್ಳುಹಂದಿಯ ಬಿಲವಿತ್ತು,
ಅದನ್ನೂ ಬರೆದರು, ಮನಸ್ಸಿಲ್ಲದೆ.

ಬರೆಸದೆ ಉಳಿದದ್ದು ನನ್ನ ಅಜ್ಜಿ ಮಾಳಿ.
ಅಲ್ಯೂಮಿನಿಯಂ ಬಂದು ಮಡಕೆ ಮಾರದಾದಾಗ
ದೊರೆಯ ಬಂಗಲೆಗೆ ಧೂಳು ಹೊಡೆಯಲು ಹೋದವಳು.
ಗಾಜಿನ ಬೀರುವಿನೊಳಗೆ ಒಂದು ಮಡಕೆ.
ನಮ್ಮ ಮನೆಯಲ್ಲಿ ಮಡಕೆ ಒಡೆದರೆ ಹಿತ್ತಲಿಗೆ ಎಸೆಯುತ್ತಿದ್ದೆವು.
ಅಲ್ಲಿ ಒಡೆದದ್ದು, ಎಷ್ಟು ವರ್ಷದ ಕೂಲಿಯೋ, ಅವಳಿಗೆ ಲೆಕ್ಕ ಬರಲಿಲ್ಲ.
ಮಡಿಲಿಗೆ ತುಂಬಿಕೊಂಡು ರಾತ್ರಿ ಬೆಟ್ಟ ಹತ್ತಿದಳಂತೆ.
ಎಲ್ಲಿಗೆ ಎಂದು ಹೇಳಲಿಲ್ಲ.
ಪಾಂಡವರ ಮನೆಗೆ ಆಗ ಯಾರೂ ಕೈ ಹಾಕುತ್ತಿರಲಿಲ್ಲ.

ಕಳವಿನ ಆರೋಪ ಬಟ್ಲರ್ ಮೊಯ್ದುವಿನ ಮೇಲೆ.
ತಗಡಿನ ಪೆಟ್ಟಿಗೆ ಹೊತ್ತು
ಮಾಕುಟ್ಟದ ಘಟ್ಟ ಇಳಿದು ಹೋದ.
ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು, ಅಷ್ಟೆ.

ಕೊನೆಯ ಜ್ವರದಲ್ಲಿ ಅವಳು ಹೇಳುತ್ತಿದ್ದದ್ದು ಒಂದೇ:
"ಕೆಂಪು ಕಾಲು ಓಡಿ ಬರ್ತಿದೆ ಕಣೇ, ಬಾಗಿಲು ಹಾಕು."
ಹಾಕಿದೆ. ನನಗೆ ಎಂಟು ವರ್ಷ.

"ಇನ್ನೇನಾದರೂ ಗೊತ್ತಾಗುತ್ತಾ, ದ್ಯಾವೀರಮ್ಮ?"
ಪ್ರೊಫೆಸರರ ಮುಖ ಮದುವೆ ಗೊತ್ತಾದ ಹುಡುಗನದು.

ನಾಳೆ ಮಿಕ್ಕ ಚೂರುಗಳು ಬರಬಹುದು,
ತೊಡೆ, ಸೊಂಟ, ಬೀಸಿದ ಕೈ.
ಮುಖ ಸಿಕ್ಕಿದ ದಿನ ಹೇಳೋಣ ಎಂದುಕೊಂಡೆ.

"ನೀರು ರಾಡಿಯಾಗಿದೆ ಸಾರ್" ಎಂದೆ.
ಬೋಗುಣಿ ಎತ್ತಿಕೊಂಡು ಹೋಗಿ
ಕಾಫಿ ಗಿಡದ ಬುಡಕ್ಕೆ ಸುರಿದೆ.